ಟವೆಲ್ ಕೆಳಗಿನ ಬೆರಳು

ಹೋದ ವರ್ಷ ಬೇಸಿಗೆಯುದ್ದಕ್ಕೂ ಬ್ಯಾಡಗಿಯ ನಮ್ಮ ಮನೆಯ ಟಿವಿಯಲ್ಲಿ ಒಂದು ಜಪಾನಿ ಬೇಸ್‌ಬಾಲ್ ಪಂದ್ಯ ನಡೆಯಿತು. ಹೈಸ್ಕೂಲು ಹುಡುಗರದು. ಒಬ್ಬ ಹುಡುಗ ಚೆಂಡು ಎಸೆಯಲು ಕೈ ಎತ್ತುತ್ತಾನೆ. ಎತ್ತಿದ ಕೈ ಇಳಿಯುವುದರೊಳಗೆ ಅವನ ಬಾಲ್ಯ, ತಾಯಿಯ ಕಣ್ಣೀರು, ಹಳೆಯ ಶಾಲೆಯಲ್ಲಾದ ಅವಮಾನ ಎಲ್ಲ ಬಂದು ಹೋಗುತ್ತವೆ. ನಾನಿಟ್ಟ ಕುಕ್ಕರ್ ಕೂಗಿ ಆರುತ್ತದೆ. ಚೆಂಡು ಮಾತ್ರ ಅವನ ಕೈಯಲ್ಲೇ ಇರುತ್ತದೆ. "ಮುಂದಿನ ಭಾಗದಾಗ ಒಗೀತಾನ, ತಡಿಯವ್ವಾ" ಎಂದು ಒಂಬತ್ತನೇ ತರಗತಿಯ ನನ್ನ ಮಗಳು ಸಮಾಧಾನ ಹೇಳುತ್ತಿದ್ದಳು. ನಾನು ಅದನ್ನು ಕಾರ್ಟೂನ್ ಎಂದರೆ ಮುಖ ಊದಿಸುತ್ತಿದ್ದಳು. ಅನಿಮೆ ಅನ್ನಬೇಕಂತೆ.

ಆ ಹುಡುಗರು ಸೋತರೂ ಅಳುತ್ತಾರೆ, ಗೆದ್ದರೂ ಅಳುತ್ತಾರೆ. ಅಳುವುದು ಮುಗಿದ ಮೇಲೆ ನಿನ್ನನ್ನು ನಂಬಿದ್ದೇನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನನಗೆ ನಗು ಬರುತ್ತಿತ್ತು. ನಮ್ಮೂರಲ್ಲಿ ಯಾರಾದರೂ ನನ್ನನ್ನು ನಂಬಿ ಎಂದರೆ, ಮೊದಲು ಅವರ ಮೆಣಸಿನಕಾಯಿ ಚೀಲದ ತಳಕ್ಕೆ ಕೈ ಹಾಕಿ ನೋಡುವುದು ರೂಢಿ.

ಇದನ್ನೆಲ್ಲ ಗಂಭೀರವಾಗಿ ನೋಡಿದವರು ನನ್ನ ಮಾವನವರು. ಅವರು ಮೆಣಸಿನಕಾಯಿ ಪೇಟೆಯಲ್ಲಿ ದಲಾಲರಾಗಿದ್ದವರು. ಟೆಂಡರು, ಕಂಪ್ಯೂಟರು ಬರುವ ಮೊದಲು ದರ ಕುದುರುತ್ತಿದ್ದದ್ದು ಟವೆಲ್ ಕೆಳಗೆ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಟವೆಲ್ ಕೆಳಗೆ ಹೋಗುತ್ತಿದ್ದವು. ಅಲ್ಲಿ ಬೆರಳು ಹಿಡಿದು ದರ ತಿಳಿಸುತ್ತಿದ್ದರು. ಅದೇ ಹೊತ್ತಿಗೆ ಮೇಲೆ ಬಾಯಿ ಮಳೆ, ಮದುವೆ, ಮಂಡಿನೋವು ಎಂದು ಬೇರೆಯೇ ಮಾತಾಡುತ್ತಿತ್ತು, ಪಕ್ಕದವನಿಗೆ ಸುಳಿವು ಸಿಗಬಾರದೆಂದು. ಹೀಗಾಗಿ ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಹುಡುಗ, ಎಂಥ ಚೆಂಡು ಎಸೆಯಬೇಕೆಂದು ತೊಡೆಗಳ ನಡುವೆ ಬೆರಳು ತೋರಿಸಿದ್ದೇ ತಡ, ಮಾವನವರು ಎದ್ದು ಕೂತರು.

"ಶ್ಯಾಣ್ಯಾ ಅದಾನ ಇವ. ಟವೆಲ್ ಒಂದ ಇಲ್ಲ ನೋಡು."

ಆಗಲೇ ಮಗಳ ಶಾಲೆಯಲ್ಲಿ ಬೇಸ್‌ಬಾಲಿನಂಥದೇ ಆಟವಾದ ಸಾಫ್ಟ್‌ಬಾಲಿಗೆ ಹುಡುಗಿಯರ ತಂಡ ಹುಟ್ಟಿತ್ತು. ಚೆಂಡು ಎಸೆಯುವವಳು ನನ್ನ ಮಗಳು, ಹಿಡಿಯುವವಳು ಅವಳ ಜೀವದ ಗೆಳತಿ. ಆ ಗೆಳತಿಯ ಅಪ್ಪನಿಗೆ ಆಟವೆಂದರೆ ಅಲರ್ಜಿ. ಹಾವೇರಿಯ ಜಿಲ್ಲಾ ಪಂದ್ಯ ಗೆದ್ದರೆ ಆಡಲಿ, ಸೋತರೆ ಚೆಂಡು ಬಿಟ್ಟು ರಾಣೆಬೆನ್ನೂರಿನ ಸೋದರತ್ತೆಯ ಮನೆಯಲ್ಲಿದ್ದು ಟ್ಯೂಷನ್ನಿಗೆ ಹೋಗಲಿ ಎಂದು ತೀರ್ಪು ಕೊಟ್ಟಿದ್ದ. ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮಾವನವರು ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ಸನ್ನೆ ಕಲಿಸಿದರು. ಒಂದು ಬೆರಳೆಂದರೆ ಜೋರು ಚೆಂಡು, ಎರಡೆಂದರೆ ನಿಧಾನದ್ದು. ಇಷ್ಟಕ್ಕೆ ವಾರಗಟ್ಟಲೆ ಪಾಠ. "ಬೆರಳಿನ ಮಾತು ಬೆರಳಿನಾಗ ಇರಬೇಕು" ಎಂದು ಹೇಳಿದ್ದೇ ಹೇಳಿದ್ದು. "ನಿಮ್ಮ ಅಜ್ಜಿಗೂ ನಾ ಒಂದಿನ ಬಾಯಿ ಬಿಟ್ಟಿದ್ದಿಲ್ಲ." ಅತ್ತೆಯವರ ಫೋಟೊ ಗೋಡೆಯ ಮೇಲಿನಿಂದ ಏನೂ ಹೇಳಲಿಲ್ಲ.

ಪಂದ್ಯದ ದಿನ ಎದುರಾಳಿ ರಾಣೆಬೆನ್ನೂರಿನ ಶಾಲೆ. ಹಾವೇರಿಯ ಆ ಮೈದಾನಕ್ಕೆಲ್ಲ ಇದ್ದದ್ದು ಒಂದೇ ಬೇವಿನ ಮರದ ನೆರಳು, ಅದೂ ಚೆಂಡು ಎಸೆಯುವ ಮಗಳ ಬೆನ್ನ ಹಿಂದೆ. ಎಲ್ಲರೂ ಅಲ್ಲೇ ಕೂತೆವು. ಅಲ್ಲಿಂದ ನೋಡಿದರೆ ಕ್ಯಾಚರ್ ಹುಡುಗಿಯ ಬೆರಳು ನೇರ ಎದುರಿಗೆ. ನನಗೆ ಮಸುಕು, ಆದರೆ ಪೊರೆ ತೆಗೆಸಿದ ಮೇಲೆ ಮಾವನವರ ಕಣ್ಣು ಹದ್ದಿನ ಕಣ್ಣು. ಅವರ ಪಕ್ಕದಲ್ಲಿ ರಾಣೆಬೆನ್ನೂರಿನ ಹಳೆಯ ಖರೀದಿದಾರರೊಬ್ಬರು ಕೂತಿದ್ದರು. ಇಬ್ಬರೂ ಒಂದು ಕಾಲಕ್ಕೆ ಒಂದೇ ಟವೆಲ್ ಕೆಳಗೆ ಕೈ ಹಿಡಿದವರು. ಅವರ ಮೊಮ್ಮಗಳು ಎದುರಿನ ತಂಡದಲ್ಲಿದ್ದಳು.

ಮಾವನವರಿಗೆ ಹೆಮ್ಮೆ ಗಂಟಲಿನವರೆಗೆ ಬಂತು.

"ಈಗ ಜೋರ್ ಬರ್ತೈತಿ ನೋಡ್ರಿ ಸಾವ್ಕಾರ್ರ." ಜೋರಾಗಿಯೇ ಬಂತು. "ಈಗ ಸಾವಕಾಶ." ಹಾಗೆಯೇ ಬಂತು. "ನಾನ ಕಲಿಸೇನಿ."

ಸಾವ್ಕಾರರು ವ್ಯಾಪಾರಸ್ಥರು. ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಪೈಕಿ ಅಲ್ಲ. ಮುಂದಿನ ಚೆಂಡಿನಿಂದಲೇ "ಲಗೂ ಬೀಸವ್ವಾ", "ತಡದ ಬೀಸವ್ವಾ" ಎಂದು ತಮ್ಮ ಹುಡುಗಿಯರಿಗೆ ಕೂಗತೊಡಗಿದರು. ಮಗಳು ಎಸೆದ ಚೆಂಡುಗಳೆಲ್ಲ ಬ್ಯಾಟಿನ ಏಟು ತಿಂದು ನಮ್ಮ ತಲೆಯ ಮೇಲೆ ಹಾರಿ ಬರತೊಡಗಿದವು. ಮಾವನವರಿಗೆ ಬಾಯಿ ಮುಚ್ಚಿರಿ ಎಂದು ಸೊಸೆ ಹೇಗೆ ಹೇಳಬೇಕು? ಚುರುಮರಿ ಪೊಟ್ಟಣ ಕೊಟ್ಟು ನೋಡಿದೆ. ಚುರುಮರಿ ತಿನ್ನುತ್ತಲೇ ಹೇಳಿದರು.

ನಡುವಿನ ಬಿಡುವಿನಲ್ಲಿ ಪಿಟಿ ಸರ್ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದರು. ನಾನು ನೀರು ಕೊಡುವ ನೆಪದಲ್ಲಿ ಮಗಳ ಕಿವಿಯಲ್ಲಿ ಅಜ್ಜನ ಪರಾಕ್ರಮ ಊದಿದೆ. ಅತ್ತುಬಿಡುತ್ತಾಳೆಂದುಕೊಂಡಿದ್ದೆ, ಆ ಜಪಾನಿ ಹುಡುಗರ ಶಿಷ್ಯೆ ತಾನೆ. ಅವಳು ಅಳಲಿಲ್ಲ. ಗೆಳತಿಯ ಕಡೆಗೆ ತಿರುಗಿ ಏನೋ ಪಿಸುಗುಟ್ಟಿ ಬಂದಳು.

"ಅಜ್ಜಗ ಏನೂ ಅನಬ್ಯಾಡ" ಎಂದಳು. "ಚುರುಮರೀನೂ ಕೊಡಬ್ಯಾಡ."

ಆಟ ಮತ್ತೆ ಶುರುವಾಯಿತು. ಗೆಳತಿ ಒಂದು ಬೆರಳು ತೋರಿಸಿದಳು. "ಜೋರ್" ಎಂದರು ಮಾವನವರು. "ಲಗೂ ಬೀಸವ್ವಾ" ಎಂದು ಸಾವ್ಕಾರರು ಕೂಗಿದರು. ಬ್ಯಾಟ್ ಹಿಡಿದ ಹುಡುಗಿ ಜೋರಾಗಿ ಬೀಸಿ ತಾನೇ ಒಂದು ಸುತ್ತು ತಿರುಗಿದಳು. ಚೆಂಡು ಅದಾದ ಮೇಲೆ ಸಾವಕಾಶ ಬಂತು. ಎರಡು ಬೆರಳು ತೋರಿಸಿದಾಗ ಬ್ಯಾಟ್ ಏಳುವುದರೊಳಗೆ ಚೆಂಡು ಗೆಳತಿಯ ಗ್ಲೌಸಿನಲ್ಲಿತ್ತು. ರಾಣೆಬೆನ್ನೂರಿನವರು ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿ ಹೋದರು. ಕೊನೆಗೆ ನಮ್ಮವರು ಗೆದ್ದರು. ಗೆಳತಿಯ ಅಪ್ಪ ಹುಳಿ ತಿಂದವನ ಮುಖ ಮಾಡಿಕೊಂಡು ಚಪ್ಪಾಳೆ ತಟ್ಟಿದ.

ಸಾವ್ಕಾರರು ಎದ್ದು ಧೋತರದ ಮಣ್ಣು ಕೊಡವಿಕೊಂಡರು. "ವಯಸ್ಸಾದ್ರೂ ಹಳೇ ಚಾಳಿ ಬಿಡವಲ್ರಿ ನೀವು. ಬಾಯಾಗ ಒಂದು, ಬೆರಳಾಗ ಒಂದು" ಎಂದು ಹೇಳಿ ಹೊರಟೇಬಿಟ್ಟರು. ಮಾವನವರು ಒಂದು ಬೆರಳು, ಎರಡು ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕತೊಡಗಿದರು.

ಬಸ್ಸು ಹೊರಟ ಮೇಲೆ, ಮುಂದಿನ ಸೀಟಿನಲ್ಲಿ ಗೆಳತಿಯ ಜೊತೆ ಕೂತಿದ್ದ ಮೊಮ್ಮಗಳ ಕಡೆ ಬಾಗಿದರು.

"ಯವ್ವಾ, ಸನ್ನಿ ಉಲ್ಟಾ ಮಾಡಿದ್ರೇನು?"

"ಹೂಂ."

"ನನಗರ ಹೇಳಬೇಕಿಲ್ಲೋ? ನನ್ನ ಮ್ಯಾಲ ನಂಬಿಕಿ ಇದ್ದಿಲ್ಲೇನು?"

ಮಗಳು ಹಿಂತಿರುಗಿ ಬಹಳ ಪ್ರೀತಿಯಿಂದಲೇ ಅವರನ್ನು ನೋಡಿದಳು.

"ಪೂರಾ ನಂಬಿಕಿ ಇತ್ತಜ್ಜಾ. ನೀ ಹೇಳೇ ಹೇಳ್ತಿ ಅಂತ."

ಮಾವನವರು ಹೆಗಲ ಮೇಲಿನ ಟವೆಲ್ ತೆಗೆದು ಮುಖದ ಮೇಲೆ ಹಾಕಿಕೊಂಡು, ಬ್ಯಾಡಗಿ ಬರುವವರೆಗೆ ನಿದ್ದೆ ಬಂದವರಂತೆ ಕೂತರು.