ಭಾವನ ಮುಂದೆ ಕುರ್ಚಿ

ಹೊಸಹೊಳಲಿನ ನಮ್ಮತ್ತೆ ಯಶೋದಮ್ಮ ಮದುವೆಯಾಗಿ ನಲವತ್ತೆರಡು ವರ್ಷವಾದರೂ ಗಂಡನ ಅಣ್ಣ, ಭಾವ ಅಂದಾನಯ್ಯನವರ ಮುಂದೆ ಒಮ್ಮೆಯೂ ಕುರ್ಚಿ ಮೇಲೆ ಕೂತಿರಲಿಲ್ಲ. ಹೋದ ವರ್ಷ ಗದ್ದೆ ಬದುವಿನಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರು ಬಿಚ್ಚಿಸಿದಾಗ ಮೀನಖಂಡ ಸೊರಗಿ ಕಡ್ಡಿಯಾಗಿತ್ತು. ಡಾಕ್ಟರು ಕುರ್ಚಿ ಮೇಲೆ ಕೂತು ಮಾಡುವ ವ್ಯಾಯಾಮ ಹೇಳಿಕೊಟ್ಟರು. ಮುಂಗಾಲೂರಿ ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಹಿಮ್ಮಡಿಯೂರಿ ಮುಂಗಾಲು ಎತ್ತುವುದು. ಹತ್ತತ್ತು ಸಲ, ದಿನಕ್ಕೆ ಮೂರು ಹೊತ್ತು.

ನಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕುವಷ್ಟು ಜಾಗವಿಲ್ಲ. ನಡುಮನೆಯಲ್ಲಿ ಇಡೀ ದಿನ ದೊಡ್ಡಮಾವ ಅಂದಾನಯ್ಯನವರೇ ಕೂತಿರುತ್ತಾರೆ. ನನಗೆ ರೇಗಿತು.

"ಕಾಲು ಬೇಕೋ, ಮರ್ಯಾದೆ ಬೇಕೋ?" ಎಂದು ಕೇಳಿದೆ.

"ಅವ್ರು ಕುಂತಿರುವಾಗ ನಾನೆಂಗವ್ವ ಕುರ್ಚಿ ಮ್ಯಾಲೆ ಕುಂತ್ಕಳ್ಲಿ?" ಎಂದರು ಅತ್ತೆ.

ದೊಡ್ಡಮಾವನ ಕಿವಿಗೆ ಬಿದ್ದಿರಬೇಕು. ಮಾರನೆಯ ದಿನದಿಂದ ಮೂರು ಹೊತ್ತೂ "ಕಬ್ಬು ನೋಡ್ಕಂಡ್ ಬತ್ತೀನಿ" ಎಂದು ಹೊರಟುಬಿಡುತ್ತಿದ್ದರು. ಅವರು ವಾಪಸು ಬರುವಷ್ಟರಲ್ಲಿ ಅತ್ತೆ ವ್ಯಾಯಾಮ ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ದೊಡ್ಡಮಾವ ಬಾಗಿಲ ತನಕ ಹೋಗಿ ವಾಪಸು ಬಂದರು. ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನಮಗೆ ಬೆನ್ನು ಹಾಕಿ ಕೂತರು. ನಾನು ಇನ್ನೊಂದು ಕುರ್ಚಿ ಹಾಕಿದೆ. ಅತ್ತೆ ಸೆರಗು ಹೊದ್ದು ಅದರ ತುದಿಯಲ್ಲಿ ಕೂತು, ಹಿಮ್ಮಡಿ ಎತ್ತಿ ಇಳಿಸತೊಡಗಿದರು. ಸ್ವಲ್ಪ ಹೊತ್ತಿಗೆ ಹಿಮ್ಮಡಿ ನೆಲಕ್ಕೆ ತಾಗುವ ಸದ್ದು ನಿಂತಿತು.

"ಎಂಟೇ ಆಗಿರದು," ಎಂದರು ದೊಡ್ಡಮಾವ, ಗೋಡೆ ನೋಡುತ್ತಲೇ. "ಇನ್ನೆರಡವೆ."