ಮೇ ತಿಂಗಳಲ್ಲಿ ಇಟ್ಟ ಎಡೆ

ಹೆರ್ಮೆಲಿಂದಾ ಬೊಹೋರ್ಕೆಸ್ ಹುಟ್ಟಿದ್ದು ಹತ್ತಿ ಬಿಡಿಸುವವರ ಬಿಡಾರದಲ್ಲಿ. ಆಗ ನಮ್ಮ ಗಡಿಯೂರು ಸಾನ್ ಲೂಯಿಸಿನ ಸುತ್ತ ಹತ್ತಿಯಿತ್ತು, ಕಾಲುವೆಯಲ್ಲಿ ನೀರಿತ್ತು. ಎರಡೂ ಹೋದಮೇಲೆ ಗಡಿಗೋಡೆಯ ಈಚೆ ಬದಿಗೆ ಕಾರ್ಖಾನೆಗಳು ಬಂದವು. ಬಿಡಾರದ ಹೆಣ್ಣುಮಕ್ಕಳೆಲ್ಲ ಬಿಳಿ ಟೋಪಿ ಹಾಕಿಕೊಂಡು ಟಿ.ವಿ.ಗಳ ತಂತಿ ಬೆಸೆಯಲು ಹೋದರು. ಅವಳೂ ಹೋದಳು. ಉಚ್ಚೆಗೆ ಹೋಗಲೂ ಮೇಸ್ತ್ರಿಯ ಅಪ್ಪಣೆ ಬೇಕಿದ್ದ ಜಾಗ ಅದು. ಆ ಗೇಟಿನ ಮುಂದೆ ನಾವು ಮುಷ್ಕರ ಕೂತಾಗ ನಾನವಳನ್ನು ಮೊದಲು ಕಂಡೆ. ಭಾಷಣ ಮಾಡುವ ಪೈಕಿಯಲ್ಲ, ಕೂತವರಿಗೆಲ್ಲ ಕಾಳು ಬೇಯಿಸುತ್ತಿದ್ದಳು. ಪೊಲೀಸರು ಬಂದ ದಿನ ಕುದಿಯುವ ಪಾತ್ರೆಯನ್ನು ಎರಡೂ ಕೈಯಲ್ಲೆತ್ತಿ ಗೇಟಿಗೆ ಅಡ್ಡ ನಿಂತಳು.

ಮುಷ್ಕರ ಸೋತಿತು. ಸೋತವರನ್ನು ಊರಿನ ಇನ್ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನಾನು ಹಳೇ ಪಿಕಪ್ ಗಾಡಿ ಓಡಿಸಿಕೊಂಡು ಬದುಕಿದೆ, ಅವಳು ಮೊಣಕೈವರೆಗೆ ಹರಡುವ ತೆಳ್ಳನೆ ಗೋಧಿ ರೊಟ್ಟಿ ತಟ್ಟಿ ಮಾರಿದಳು. ಗೋಡೆಯಾಚೆಯ ದೇಶಕ್ಕೆ ದುಡಿಯಲು ಹೋದ ಅವಳ ಗಂಡ ಆಚೆಯವನೇ ಆಗಿಹೋದ. ಉಳಿದವನು ಒಬ್ಬ ಮಗ, ಉಬಾಲ್ದೊ. ಹೆದ್ದಾರಿ ಬದಿಯ ಟಯರ್ ಅಂಗಡಿಯಲ್ಲಿ ಕೆಲಸ. ಒಂದು ಮಧ್ಯಾಹ್ನ ಯಾರೋ ಬಂದು, ನಮ್ಮ ಗಾಡಿ ಅಲ್ಲಿ ನಿಂತುಹೋಗಿದೆ ಬಾ ಅಂದರಂತೆ. ಜಾಕು ಹಿಡಿದುಕೊಂಡು ಹೋದ. ಹುಡುಗನೂ ವಾಪಸು ಬರಲಿಲ್ಲ, ಜಾಕೂ ಬರಲಿಲ್ಲ.

ಆಮೇಲಿನ ಅವಳ ಭಾನುವಾರಗಳೆಲ್ಲ ಮರಳುಗಾಡಿನವು. ಊರಲ್ಲಿ ಮಕ್ಕಳು ಹೀಗೆ ಕಾಣೆಯಾದ ತಾಯಂದಿರದ್ದೇ ಒಂದು ಗುಂಪಿದೆ. ಎದುವಿಹೆಸ್ ಅಂತ ಒಬ್ಬಳು ಅದರ ಯಜಮಾನಿ, ಇಬ್ಬರು ಮಕ್ಕಳನ್ನು ಕಳೆದುಕೊಂಡವಳು, ಬಾಯಿ ಜೋರು. ನನ್ನ ಗಾಡಿಯ ಹಿಂದೆ ಸಲಿಕೆ, ನೀರಿನ ಡಬ್ಬ, ಕಬ್ಬಿಣದ ಸರಳು ತುಂಬಿಕೊಂಡು ಹೋಗುತ್ತಾರೆ. ಮಣ್ಣು ಸಡಿಲ ಕಂಡಲ್ಲಿ ಸರಳನ್ನು ಹೊಡೆದು ಇಳಿಸಿ, ಎಳೆದು, ತುದಿಯನ್ನು ಮೂಸುತ್ತಾರೆ. ಹುಡುಕುವುದು ಹೆಣವನ್ನೇ, ಆದರೆ ತನ್ನ ಮಗ ಸತ್ತ ಅಂತ ಒಬ್ಬಳೂ ಒಪ್ಪುವುದಿಲ್ಲ. ಇದರಲ್ಲಿ ಅರ್ಥವಿಲ್ಲ ಅನ್ನುವವರು ಬಂದು ಒಂದು ದಿನ ಸರಳು ಹೊಡೆಯಲಿ. ನವೆಂಬರಿನಲ್ಲಿ ಸತ್ತವರು ಹೂವಿನ ವಾಸನೆ ಹಿಡಿದು ಮನೆಗೆ ಬರುತ್ತಾರೆ ಅಂತ ಇಡೀ ಕೇರಿ ಅವರಿಗೆ ಎಡೆ ಇಡುತ್ತದೆ. ಚೆಂಡುಹೂವಿನ ದಾರಿ, ಲೋಟದಲ್ಲಿ ನೀರು, ರೊಟ್ಟಿ, ಹಚ್ಚಿದ ಬತ್ತಿ, ನಡುವೆ ಫೋಟೊ. ಈ ಹೆಂಗಸರು ಮಾತ್ರ ಕಾಣೆಯಾದವರ ಫೋಟೊ ಅಲ್ಲಿಡುವುದಿಲ್ಲ. ಇಟ್ಟರೆ ಸತ್ತ ಅಂತ ಒಪ್ಪಿ ಕೈತೊಳೆದುಕೊಂಡ ಹಾಗೆ. ಒಂದು ವರ್ಷ ಒಬ್ಬಳು ಸಾಕಾಗಿ ಇಟ್ಟಳು. ಮರುವಾರದಿಂದ ಅವಳಿಗಾಗಿ ಗಾಡಿ ನಿಲ್ಲಿಸಲು ಯಾರೂ ನನಗೆ ಹೇಳಲಿಲ್ಲ.

ಇಂಥ ಊರಿಗೆ ರಾಜಧಾನಿಯಿಂದ ಸಿನಿಮಾದವರು ಬಂದರು. ಹುಡುಕುವ ತಾಯಿಯ ಕಥೆ, ನಟಿಯರು ಬೇಡ, ಗಡಿಯವರದೇ ಮುಖ ಬೇಕು ಅಂತ. ನಮ್ಮ ಮುಖದ ಸುಕ್ಕಿಗೆ ಬಣ್ಣದ ಖರ್ಚಿಲ್ಲ, ಅವರ ಲೆಕ್ಕ ಸರಿಯಾಗೇ ಇತ್ತು. ಚರ್ಚಿನ ಹಜಾರದಲ್ಲಿ ಆಯ್ಕೆ. ಹೆಸರು ಹೇಳಬೇಕು, ಪಕ್ಕಕ್ಕೆ ತಿರುಗಬೇಕು, ಯಾರ ಮೇಲಾದರೂ ಸಿಟ್ಟಾಗಿ ತೋರಿಸಬೇಕು. ಅರ್ಧ ಊರೇ ಸಾಲು ನಿಂತಿತ್ತು. ಕ್ಷೌರದ ತಿಬುರ್ಸಿಯೊ ಪೊಲೀಸ್ ಕಮಾಂಡರನ ಪಾತ್ರಕ್ಕೆಂದು ಮೀಸೆ ತೀಡಿ ಒಂದು ಉದ್ದನೆ ಮಾತು ಬಾಯಿಪಾಠ ಮಾಡಿಕೊಂಡು ಹೋದ. ಹೆಣದ ಪಾತ್ರಕ್ಕೆ ಆರಿಸಿದರು.

"ಮಾತಿಲ್ಲದ ಪಾರ್ಟು ಕೊಟ್ರಲ್ಲಪ್ಪಾ," ಅಂತ ಸಂಜೆ ಗೊಣಗಿದ.

"ನಿನ್ ಅಂಗಡೀಲಿ ಕೂತು ನಿನ್ ಮಾತು ಕೇಳೋರ ಪುಣ್ಯ ಅದು," ಅಂದಳು ಎದುವಿಹೆಸ್.

ಹೆರ್ಮೆಲಿಂದಾ ಸಾಲಿನಲ್ಲಿ ನಿಂತವಳೇ ಅಲ್ಲ. ನಿಂತವರಿಗೆ ರೊಟ್ಟಿ ಮಾರಲು ಹೋಗಿದ್ದಳು. ನಡುವೆ ನುಗ್ಗಿದ ಒಬ್ಬನಿಗೆ ಅವನ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದಾಗ ನಿರ್ದೇಶಕಿ ರೆಹಿನಾ ಬಾಗಿಲಿಗೆ ಬಂದು ನೋಡಿದಳು. ತಾಯಿ ಸಿಕ್ಕಿದಳು ಅಂತ ಅಲ್ಲೇ ಘೋಷಿಸಿದಳಂತೆ. ಹೆರ್ಮೆಲಿಂದಾ ಮೊದಲು ನಕ್ಕಳು, ಆಮೇಲೆ ಯೋಚನೆಗೆ ಬಿದ್ದಳು, ಮಾರನೇ ದಿನ ಹೋಗಿ ಒಂದೇ ಷರತ್ತು ಹಾಕಿದಳು. ಸಿನಿಮಾದಲ್ಲಿ ತನ್ನ ಕೈಯಲ್ಲಿರುವ ಫೋಟೊ ಉಬಾಲ್ದೊನದೇ ಆಗಿರಬೇಕು. ರೆಹಿನಾ ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿದಳು.

ತನ್ನ ಆಸೆ ಏನೆಂದು ಹೆರ್ಮೆಲಿಂದಾ ಗಾಡಿಯಲ್ಲಿ ಕೂತು ನನಗೆ ಹೇಳಿದಳು. ಗ್ಯಾಂಗಿನವರು ಹುಡುಗರನ್ನು ಎತ್ತಿಕೊಂಡು ಹೋಗಿ ಬೆಟ್ಟದ ತೋಟಗಳಲ್ಲಿ ಬೀಗ ಹಾಕಿ ದುಡಿಸುತ್ತಾರೆ ಅನ್ನುವ ಸುದ್ದಿ ಎಲ್ಲರಿಗೂ ಗೊತ್ತು. ತಲೆಗೆ ಪೆಟ್ಟು ಬಿದ್ದು ತನ್ನ ಹೆಸರೇ ಮರೆತವರೂ ಇದ್ದಾರಂತೆ. ನಾವು ಕಂಬಕ್ಕೆ ಅಂಟಿಸುವ ಕಾಗದವನ್ನು ಈ ಊರಿನ ನಾಯಿ ಬಿಟ್ಟರೆ ಯಾರು ನೋಡುತ್ತಾರೆ? ಸಿನಿಮಾ ಆದರೆ ಇಡೀ ದೇಶ ನೋಡುತ್ತದೆ, ಗೋಡೆಯಾಚೆಯವರೂ ನೋಡುತ್ತಾರೆ. ಯಾವನಾದರೂ ಒಬ್ಬ, ಈ ಹುಡುಗನ ಪಕ್ಕ ನಾನು ಟೊಮೇಟೊ ಕಿತ್ತಿದ್ದೆ ಅಂತ ಹೇಳಿದರೆ ಸಾಕು. ಫೋಟೊ ಯಾರದೋ ಮದುವೆಯದು, ಎರವಲು ಟೈ, ನಗುವಾಗ ಹೊರಕ್ಕೆ ಚಾಚಿದ ಒಂದು ಕಿವಿ. ಆ ಕಿವಿ ನೋಡಿದವನು ಮರೆಯಲ್ಲ ಅಂದಳು.

ರೆಹಿನಾಳದು ಒಂದು ಪದ್ಧತಿ. ಊರಿನವರಿಗೆ ಕಥೆ ಪೂರ್ತಿ ಹೇಳುತ್ತಿರಲಿಲ್ಲ. ಬೆಳಿಗ್ಗೆ ಅವತ್ತಿನ ತುಂಡು ಮಾತ್ರ ಹೇಳುವುದು. ಮೊದಲೇ ತಿಳಿದರೆ ಮುಖ ಕೆಡುತ್ತದಂತೆ. ಮರಳುಗಾಡಿನ ಕೆಲಸ ಮೊದಲು ಮುಗಿಯಿತು. ನೀವು ಮಾಡುವುದನ್ನೇ ಮಾಡಿ ಅಂದರು, ಹೆರ್ಮೆಲಿಂದಾ ಅದನ್ನೇ ಮಾಡಿದಳು. ಒಂದು ಕಡೆ ಮಣ್ಣು ತಗ್ಗಾಗಿದ್ದು ಕಂಡು ಕ್ಯಾಮೆರಾ ಬಿಟ್ಟು ದೂರ ಹೊರಟೇಹೋದಳು, ಕೊಡೆ ಹಿಡಿದವನು ಹಿಂದೆ ಓಡಿದ. ಅಲ್ಲೇನೂ ಇರಲಿಲ್ಲ. ಟಾರ್ಪಾಲಿನ ಕೆಳಗೆ ಮಲಗಿದ ತಿಬುರ್ಸಿಯೊ ಬಿಸಿಲಿಗೆ ಸೀನಿ, ಸತ್ತಮೇಲೂ ಬೈಸಿಕೊಂಡ.

ಕೊನೆಯ ವಾರ ಕೇರಿಯ ಒಂದು ಮನೆಯೊಳಗೆ ಕೆಲಸ. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಎಡೆ ಕಟ್ಟಿ ನಿಲ್ಲಿಸಿದ್ದರು. ಮೇ ತಿಂಗಳು, ಚೆಂಡುಹೂ ಎಲ್ಲಿಂದ ಬರಬೇಕು, ಎಲ್ಲ ಕಾಗದದ್ದು. ಲೋಟ, ರೊಟ್ಟಿ, ಎಡೆಗಿಡುವ ಸಕ್ಕರೆಯ ತಲೆಬುರುಡೆ, ಎಲ್ಲ ಇತ್ತು. ನಡುವಿನ ಜಾಗ ಖಾಲಿ. ಎದುವಿಹೆಸ್ ಮತ್ತೆ ಕೇರಿಯ ಹೆಂಗಸರೆಲ್ಲ ಜಪಮಾಲೆ ಹಿಡಿದು ಬೆಂಚಿನ ಮೇಲೆ ಕೂತಿದ್ದರು, ಪ್ರಾರ್ಥನೆಗೆ ಬಂದ ನೆರೆಹೊರೆಯವರ ಪಾತ್ರ. ರೆಹಿನಾ ಹೆರ್ಮೆಲಿಂದಾಳ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದಳು. ಇವತ್ತು ತಾಯಿ ಒಪ್ಪಿಕೊಳ್ಳುತ್ತಾಳೆ, ಫೋಟೊ ಇಟ್ಟು ಬತ್ತಿ ಹಚ್ಚುತ್ತಾಳೆ, ಅಳು ಬಂದರೆ ಅಳಿ, ಬಾರದಿದ್ದರೆ ಬೇಡ.

ಹೆರ್ಮೆಲಿಂದಾ ಕದಲಲಿಲ್ಲ.

"ಇಡೋಕಾಗಲ್ಲ ತಾಯಿ," ಅಂದಳು. "ಬೇರೆ ಏನ್ ಬೇಕಾದ್ರೂ ಮಾಡಿಸ್ಕೊ."

ರೆಹಿನಾ ಬಹಳ ಹೊತ್ತು ಮಾತಾಡಿದಳು. ಕೆಟ್ಟವಳಲ್ಲ ಅವಳು, ಕೆಟ್ಟವಳಾಗಿದ್ದರೆ ಬೈದು ಬರಬಹುದಿತ್ತು. ಈ ಕೊನೆ ಇಲ್ಲದಿದ್ದರೆ ಸಿನಿಮಾ ಇಲ್ಲ ಅಂದಳು. ಆಗದಿದ್ದರೆ ಬಲವಂತ ಮಾಡಲ್ಲ, ನಟಿಯೊಬ್ಬಳನ್ನು ಕರೆಸಿ, ಬೇರೆ ಫೋಟೊ ಇಟ್ಟು ತಾಯಿ ಬರುವ ತುಂಡುಗಳನ್ನೆಲ್ಲ ಮತ್ತೆ ತೆಗೆಯಬೇಕಾಗುತ್ತದೆ ಅಂತಲೂ ಅಂದಳು. ಹಾಗೆಂದರೆ ಉಬಾಲ್ದೊನ ಮುಖ ಪರದೆಗೆ ಬರುವುದೇ ಇಲ್ಲ.

ಹೆರ್ಮೆಲಿಂದಾ ಹೊರಗೆ ಬಂದು ನೀರಿನ ಲಾರಿಯ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಳು. ನನ್ನಿಂದ ಸಿಗರೇಟು ಇಸಿದುಕೊಂಡಳು.

"ಇಡಬೇಡ," ಅಂದೆ ನಾನು.

"ಇಡದಿದ್ರೆ ಅವ್ನ ಮುಖ ಯಾರು ನೋಡ್ತಾರೆ?"

"ಇಟ್ರೆ ಕೇರಿಯೋರು ಏನಂತಾರೆ, ಅದನ್ನ ಯೋಚ್ನೆ ಮಾಡು."

ಅವಳು ಹೊಗೆ ಬಿಟ್ಟು ಮನೆಯ ಕಡೆ ನೋಡಿದಳು. "ಮಾರಾಯಾ, ಇದು ಮೇ ತಿಂಗಳು. ಮೇ ತಿಂಗಳಲ್ಲಿ ಯಾವ ಸತ್ತೋನು ದಾರೀಲಿರ್ತಾನೆ? ಹೂವು ಕಾಗದದ್ದು, ವಾಸ್ನೆ ಇಲ್ಲ. ವಾಸ್ನೆ ಇಲ್ದಿದ್ರೆ ಅವ್ರಿಗೆ ದಾರಿ ಸಿಗಲ್ಲ. ಅದು ಎಡೇನೇ ಅಲ್ಲ, ಬರೀ ಮರದ ಮೆಟ್ಲು. ಮರದ ಮೆಟ್ಲಿನ ಮೇಲೆ ಮಗನ ಫೋಟೊ ಇಟ್ರೆ ಏನಾಗುತ್ತೆ?"

ಸಿಗರೇಟನ್ನು ಕಾಲಲ್ಲಿ ಹೊಸಕಿ ಒಳಗೆ ಹೋದಳು. ಒಂದೇ ಸಲಕ್ಕೆ ಮುಗಿಸಿದಳು. ಫೋಟೊ ಇಟ್ಟಳು, ಬತ್ತಿ ಹಚ್ಚಿದಳು, ಅಳಲಿಲ್ಲ. ಅವಳು ಹಾಕಿದ ಲೆಕ್ಕ ಬೆಂಚಿನ ಮೇಲಿದ್ದವರಿಗೆ ತಿಳಿದಿರಲಿಲ್ಲ. ತುಟಿ ಆಡಿಸಿದರೆ ಸಾಕು ಅಂತ ಅವರಿಗೆ ಹೇಳಿದ್ದರು. ಫೋಟೊ ನಿಂತದ್ದೇ ತಡ, ಅವರು ದನಿಯೆತ್ತಿ, ನಿಜವಾಗಿಯೇ ಪ್ರಾರ್ಥನೆ ಶುರುಮಾಡಿದರು. ಎದುವಿಹೆಸ್ ಎದೆಗೆ ಗುದ್ದಿಕೊಂಡು ಅತ್ತಳು. ನಿಲ್ಲಿಸಿ ಅಂತ ರೆಹಿನಾ ಹೇಳಿದ ಮೇಲೂ ಅವರು ನಿಲ್ಲಿಸಲಿಲ್ಲ. ಸಿನಿಮಾದವರೆಲ್ಲ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದರು.

ಅವತ್ತು ಸಂಜೆ ಹೆರ್ಮೆಲಿಂದಾಳ ಬಾಗಿಲಿಗೆ ಕೇರಿಯ ಹೆಂಗಸರು ಕುರ್ಚಿ ಹೊತ್ತುಕೊಂಡು ಬಂದರು. ಕಾಫಿಪುಡಿ, ಸಕ್ಕರೆ, ಸಾವಿನ ಮನೆಗೆ ತರುವ ಸಿಹಿ ಬ್ರೆಡ್ಡು. ಸತ್ತವರಿಗಾಗಿ ಒಂಬತ್ತು ದಿನ ಕೂತು ಜಪ ಮಾಡುವ ರೂಢಿ, ಅದಕ್ಕೆ. ಅವಳು ಬಾಗಿಲಲ್ಲಿ ನಿಂತು, ಅದು ಸಿನಿಮಾ ಕಣ್ರೇ, ಮೇ ತಿಂಗಳು ಕಣ್ರೇ ಅಂತ ಹೇಳಿದಳು. ಅವರು ಪಾಪ ಅಂತ ತಲೆ ಸವರಲು ಕೈಚಾಚಿದರು. ಕೊನೆಗೆ ಕುರ್ಚಿಗಳನ್ನು ಒಂದೊಂದಾಗಿ ಬೀದಿಗೆಸೆದಳು. ದುಃಖ ತಲೆಗೇರಿದೆ ಅಂದುಕೊಂಡು ಹೋದರು.

ಭಾನುವಾರ ನಾನು ಗಾಡಿ ತಂದಾಗ ಅವಳು ಸರಳು ಹಿಡಿದು ನಿಂತಿದ್ದಳು. ಹತ್ತಿಸಿಕೊಂಡೆ. ಹಿಂದೆ ಕೂತವರು ಜರುಗಿ ಜಾಗ ಕೊಟ್ಟರು. ಗುಂಪಿನವರ ಅಂಗಿಯ ಮೇಲೆ ಕಾಣೆಯಾದ ಮಕ್ಕಳ ಮುಖ ಅಚ್ಚು ಹಾಕಿಸುವ ಪದ್ಧತಿ. ಹೊಸ ಅಂಗಿ ಬಂದಿದ್ದವು. ಅವುಗಳ ಮೇಲೆ ಉಬಾಲ್ದೊನ ಮುಖ ಇರಲಿಲ್ಲ. ಅವಳು ಎದುವಿಹೆಸಳ ಎದೆಯ ಮೇಲಿನ ಮುಖಗಳನ್ನೆಲ್ಲ ಬೆರಳಿಟ್ಟು ಹುಡುಕಿದಳು.

"ನಾವು ತೆಗೀಲಿಲ್ಲ ಕಣೇ," ಅಂದಳು ಎದುವಿಹೆಸ್, ಎಂದೂ ಇಲ್ಲದ ಸಣ್ಣ ದನಿಯಲ್ಲಿ. "ನೀನೇ ಇಟ್ಟೆ. ನಮ್ ಕಣ್ಣೆದುರಿಗೇ ಇಟ್ಟೆ. ಇನ್ ನಿನ್ ಮಗನಿಗೆ ಅಂತ ನಾವೆಲ್ಲಿ ಅಗೆಯೋಣ, ಹೇಳು?"

ಎದುವಿಹೆಸಳನ್ನು ನಾನು ದೂರುವುದಿಲ್ಲ. ಒಬ್ಬಳು ಇಟ್ಟಳು ಅಂದರೆ ಉಳಿದವರ ಕಾಲ ಕೆಳಗಿನ ನೆಲವೂ ಅಲುಗುತ್ತದೆ.

ಆದರೂ ಹೆರ್ಮೆಲಿಂದಾ ಸಿನಿಮಾಕ್ಕೆ ಕಾದಳು. ಅದು ಬಂದಮೇಲೆ ಎಲ್ಲ ಸರಿಹೋಗುತ್ತದೆ, ಫೋನು ಬರುತ್ತದೆ ಅಂತ. ಬಹಳ ತಿಂಗಳಾದ ಮೇಲೆ ಬಂತು. ಹತ್ತಿರದ ಪಟ್ಟಣ ಮೆಹಿಕಾಲಿಯ ಚಿತ್ರಮಂದಿರಕ್ಕೆ ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಉಬಾಲ್ದೊ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ, ಕಿವಿ ಸಮೇತ, ಸ್ಪಷ್ಟವಾಗಿ ಬಂದ. ರೆಹಿನಾ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು.

ಫೋನುಗಳೂ ಬಂದವು. ಎಲ್ಲೆಲ್ಲಿಂದಲೋ ಜನ ಅವಳ ನಂಬರು ಹುಡುಕಿ ತೆಗೆದರು. ಮಾಂಟೆರ್ರೆಯಿಂದ, ಗೋಡೆಯಾಚೆಯಿಂದ, ಕೇಳದ ಊರುಗಳಿಂದ. ನಿಮ್ಮ ಮಗನ ಸಾವಿಗೆ ನಾವೂ ಅತ್ತೆವು, ದೇವರು ಅವನಿಗೆ ಶಾಂತಿ ಕೊಡಲಿ ಅನ್ನುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ, ಸತ್ತಿಲ್ಲಪ್ಪಾ, ಮುಖ ಸರಿಯಾಗಿ ನೋಡಿದೆಯಾ, ಎಲ್ಲಾದರೂ ಕಂಡಿದ್ದೆಯಾ ಅಂತ ಕೇಳುತ್ತಿದ್ದಳು. ಅತ್ತ ಕಡೆಯಿಂದ ಇನ್ನಷ್ಟು ಸಮಾಧಾನದ ಮಾತು. ಅವಳಿಗೆ ವಿಷಯ ತಿಳಿಯಲು ಕೆಲವು ವಾರ ಹಿಡಿಯಿತು. ಸತ್ತ ಅಂತ ಇಡೀ ದೇಶಕ್ಕೆ ತೋರಿಸಿದ ಹುಡುಗನನ್ನು ಯಾವ ತೋಟದಲ್ಲಿ ಯಾರು ತಾನೆ ಗುರುತಿಸುತ್ತಾರೆ? ಪಕ್ಕದಲ್ಲೇ ನಿಂತಿದ್ದರೂ, ಅವನ ಹಾಗೇ ಇದ್ದಾನಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ.

ತಿಳಿದ ಮಾರನೇ ದಿನ ಬಸ್ಸು ಹತ್ತಿ ಮೆಹಿಕಾಲಿಗೆ ಹೋದಳು. ರೊಟ್ಟಿ ತಟ್ಟುವುದನ್ನು ಬಿಟ್ಟು ದಿನವೂ ಹೋದಳು. ಸಿನಿಮಾ ಬಿಡುವ ಹೊತ್ತಿಗೆ ಬಾಗಿಲಲ್ಲಿ ಫೋಟೊ ಎತ್ತಿಹಿಡಿದು, ಇವನು ಸತ್ತಿಲ್ಲ, ಇವನು ಸತ್ತಿಲ್ಲ ಅಂತ ಬಂದವರಿಗೆಲ್ಲ ಹೇಳುವುದು. ಒಂದು ದಿನ ಅವಳನ್ನು ವಾಪಸು ಕರೆತರಲು ನಾನು ಹೋಗಿದ್ದೆ. ಜನ ಹೊರಬಂದರು, ಅವಳ ಗುರುತು ಹಿಡಿದರು, ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಸಿನಿಮಾದವರೇ ಪ್ರಚಾರಕ್ಕೆ ನಿಲ್ಲಿಸಿದ್ದಾರೆ ಅಂದುಕೊಂಡಿರಬೇಕು. ಕಾಲೇಜು ಹುಡುಗಿಯೊಬ್ಬಳು ಪಕ್ಕ ನಿಂತು ಮೊಬೈಲು ಚಾಚಿದಳು.

"ಅಮ್ಮಾ, ಫೋಟೊ ಸ್ವಲ್ಪ ಕೆಳಗಿಳಿಸ್ತೀರಾ? ನಿಮ್ ಮುಖ ಮರೆ ಆಗ್ತಿದೆ."

"ನನ್ ಮುಖ ಯಾಕಮ್ಮಾ? ಅವನದನ್ನ ತಕ್ಕೋ. ಬದುಕಿದಾನೆ ಅವನು. ನಾಲ್ಕು ಜನಕ್ಕೆ ಕಳಿಸು."

ಹುಡುಗಿ ಒಳ್ಳೆಯವಳು, ಕೇಳಿದ ಹಾಗೇ ತೆಗೆದುಕೊಂಡಳು. ನಿಂತಲ್ಲೇ ಕೆಳಗೆ ಎರಡು ಸಾಲು ಬರೆದು ಕಳಿಸಿದಳು. ಹೆರ್ಮೆಲಿಂದಾಗೆ ಕನ್ನಡಕ ಇರಲಿಲ್ಲ, ಏನು ಬರೆದೆ ಅಂತ ಕೇಳಿದಳು. ಹುಡುಗಿ ಓದಿ ಹೇಳಿದಳು. ತನ್ನ ಮಗ ಸತ್ತನೆಂದು ಇಂದಿಗೂ ನಂಬದ ತಾಯಿ ಅಂತ ಬರೆದಿದ್ದಳು.

ನಾನು ತೋಳು ಹಿಡಿದು, ನಡಿ ಹೋಗೋಣ ಅಂದೆ. ಅವಳು ಕೊಡವಿಕೊಂಡಳು. ಮುಂದಿನ ಆಟದ ಜನ ಆಗಲೇ ಸಾಲು ನಿಲ್ಲುತ್ತಿದ್ದರು. ಒಳಗೆ ಹೋಗುವ ಮೊದಲೇ ಅವರಿಗೆ ಹೇಳಿಬಿಡುತ್ತೇನೆ ಅಂತ ಆ ಕಡೆ ಹೋದಳು.