ಅನ್ನಪೂರ್ಣ ಅತ್ತಿಗೆ ಹಿಡಿದ ಮೂರು ಖೋಲಿಯ ಮನೆ

ನನ್ನ ಅಕ್ಷರ ಸೊಟ್ಟ, ಮಾತುಗಳೂ ಒರಟು. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು ನಾನು, ಓದುವವರು ತಾಳಿಕೊಳ್ಳಬೇಕು. ಬರೆಯುತ್ತಿರುವುದು ನನ್ನ ಅತ್ತಿಗೆ ಅನ್ನಪೂರ್ಣಳ ಬಗ್ಗೆ.

ಅತ್ತಿಗೆಯ ತವರು ದೇವದುರ್ಗ. ಮದುವೆಯಾಗಿ ರಾಯಚೂರಿಗೆ ಬಂದ ಮೇಲೆ ರಜಿಯಾ ಬೇಗಂ ಅವರ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮಾತು ಕಡಿಮೆ. ಅಳತೆಯ ಟೇಪು ಕೊರಳಲ್ಲೇ ಇರುತ್ತದೆ, ಮರೆತು ಅದನ್ನು ಹಾಕಿಕೊಂಡೇ ಸಂತೆಗೂ ಹೋಗುತ್ತಾಳೆ. ಅಣ್ಣ ಹಂಪಯ್ಯ, ಅತ್ತಿಗೆ, ನಾನು ಒಂದೇ ಖೋಲಿಯ, ಅಂದರೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಮಲಗಲು ಜಾಗವಿಲ್ಲದೆ ಅವ್ವ ಮಾನ್ವಿಯಲ್ಲಿ ಅಕ್ಕನ ಮನೆ ಸೇರಿದ್ದಳು. ಬಸುರಿಯಾದಾಗ ಅತ್ತಿಗೆ, ಕೂಸು ಬಂದ ಮೇಲೆ ಅವ್ವನನ್ನೂ ಕರೆತರಬೇಕು, ದೊಡ್ಡ ಮನೆ ಬೇಕು ಎಂದಳು. ಆದರೆ ಹೊಟ್ಟೆ ಬೆಳೆದಂತೆ ಮಷೀನು ತುಳಿಯುವುದು ನಿಂತಿತು. ಹೊಲಿದರಷ್ಟೇ ಕೂಲಿ. ಬಾಣಂತನ ಮುಗಿಯುವ ತನಕ ಅಣ್ಣನ ಆಟೋದ ದುಡಿಮೆ ಒಂದೇ.

ಆಗಲೇ ಶರಣಮ್ಮ ಎಂಬ ಹಿರಿಯರು ತಮ್ಮ ಮನೆಯ ಪಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಮೂರು ಖೋಲಿಯ ಮನೆ ಖಾಲಿಯಾಯಿತು. ಅತ್ತಿಗೆ ಹೋಗಿ ಗೋಡೆಗಳನ್ನು ಅಳೆದಳು. ತೊಟ್ಟಿಲು ಎಲ್ಲಿ, ಅವ್ವನ ಹಾಸಿಗೆ ಎಲ್ಲಿ ಎಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು.

ಮನೆಯಲ್ಲಿ ಬಸುರಿ ಇರುವಾಗ ನಮ್ಮಲ್ಲಿ ಮನೆ ಬದಲಿಸುವುದಿಲ್ಲ. ಶರಣಮ್ಮನವರೂ ಅದನ್ನು ನಂಬುವವರೇ. ಜೊತೆಗೆ ಅವರದೊಂದು ಪದ್ಧತಿ: ಕೀಲಿ ಕೊಟ್ಟ ದಿನದಿಂದಲ್ಲ, ಒಲೆ ಹತ್ತಿದ ದಿನದಿಂದ ಬಾಡಿಗೆ. ಅತ್ತಿಗೆ ಇವೆರಡನ್ನೂ ಗಟ್ಟಿಯಾಗಿ ಹಿಡಿದುಕೊಂಡಳು: ಬಾಣಂತನ ಮುಗಿಯುವ ತನಕ ಬಾಡಿಗೆಯಿಲ್ಲದೆ ಮನೆ ನಮ್ಮ ಹೆಸರಲ್ಲಿರುತ್ತದೆ. ಮುಂಗಡ ಕೊಟ್ಟು, "ಕೂಸು ಎತ್ಕೊಂಡು ಬಂದು ಒಲಿ ಹಚ್ತೀನ್ರಿ ಯವ್ವಾ," ಎಂದಳು.

"ಆತು ತಗೋ. ಅಲ್ಲೀತನಕ ಇಲಿ ಸಂಸಾರ ಮಾಡ್ತಾವ," ಎಂದರು ಶರಣಮ್ಮ.

ಅತ್ತಿಗೆ ಹೆರಿಗೆಗೆ ತವರಿಗೆ ಹೋದಳು.

ಕೆಡಿಸಿದವನು ಅಣ್ಣ. ಸುಣ್ಣ ಬಳಿಯಲು ಗೆಳೆಯ ಯಮನೂರಪ್ಪನನ್ನು ಕರೆತಂದ. ಯಮನೂರಪ್ಪ "ಚಾ ಇಲ್ದ ಕೈ ಏಳಂಗಿಲ್ಲಲೇ," ಎಂದ. ಅಣ್ಣ ಅಡುಗೆ ಖೋಲಿಯಲ್ಲಿ ಮೂರು ಇಟ್ಟಿಗೆ ಇಟ್ಟು, ಕಟ್ಟಿಗೆ ಹಚ್ಚಿ ಚಹಾ ಕುದಿಸಿದ. ಹೊಗೆ ನೋಡಿ ಪಕ್ಕದ ಮನೆಯಿಂದ ಶರಣಮ್ಮ ಬಂದರು.

"ಒಲಿ ಹಚ್ಚಿದ್ಯಲ್ಲೋ ಹಂಪಯ್ಯ! ಇವತ್ತಿಂದ ಬಾಡಿಗಿ."

"ಬರೇ ಚಾ ಅದರೀ ಅಮ್ಮಾ," ಎಂದ ಅಣ್ಣ.

"ಚಾ ಏನು ನಿನ್ನ ತಲಿ ಮ್ಯಾಲ ಕುದ್ದದೇನು? ಒಲಿ ಅಂದ್ರ ಒಲಿ."

ಯಮನೂರಪ್ಪ ಲೋಟ ಕೆಳಗಿಡದೆ, "ನಾ ಅರ್ಧಾನ ಕುಡದೀನ್ರಿ, ಅರ್ಧ ಬಾಡಿಗಿ ಹಿಡೀರಿ," ಎಂದ. ಯಾರೂ ನಗಲಿಲ್ಲ.

ಎರಡು ಮನೆಯ ಬಾಡಿಗೆ ನಮ್ಮಿಂದಾಗದು. ಕೀಲಿ ವಾಪಸು ಕೊಡುತ್ತೇನೆಂದು ಅಣ್ಣ ದೇವದುರ್ಗಕ್ಕೆ ಫೋನ್ ಮಾಡಿದ. ಮರುದಿನ ಅತ್ತಿಗೆ ಬಸ್ಸಿನಲ್ಲಿ ಬಂದಳು. ಹೊಸ್ತಿಲು ದಾಟದೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಶರಣಮ್ಮನವರೂ ಬಂದು ಎದುರಿಗೆ ಕೂತರು.

"ಒಲಿ ಹತ್ತಿದ್ದು ಎಷ್ಟು ಖೋಲ್ಯಾಗರೀ ಯವ್ವಾ?" ಎಂದು ಅತ್ತಿಗೆ ಕೇಳಿದಳು.

"ಒಂದರಾಗ."

"ಹಂಗಾದ್ರ ಆ ಖೋಲಿ ಬಾಡಿಗಿ ತಗೋರಿ. ಉಳಿದ ಎರಡಕ್ಕ ನಿಮ್ಮ ಕೀಲಿ ಹಾಕ್ರಿ. ಇವರಿಬ್ಬರು ಅಣ್ಣ-ತಂಗಿ ಹಳೇ ಮನಿ ಬಿಟ್ಟು ಇಲ್ಲೇ ಇರ್ತಾರ."

"ಬಸುರಿ ಇದ್ದಾಗ ಮನಿ ಬದಲ್ಸಂಗಿಲ್ಲ ಅಂದಿದ್ಯಲ್ಲ?"

"ನಾ ಎಲ್ಲಿ ಬದಲ್ಸಾಕತ್ತೀನ್ರಿ? ನಾ ತವರಾಗ ಅದೀನಿ."

"ಬಾಯಿ ಇಲ್ದಾಕಿ ಅಂದ್ಕೊಂಡಿದ್ದೆ ನಿನ್ನ," ಎಂದರು ಶರಣಮ್ಮ. ಒಪ್ಪಿದರು, ಆದರೆ ದೀಪಾವಳಿಯ ತನಕ ಮಾತ್ರ. ಆಮೇಲೆ ಮೂರೂ ಖೋಲಿ ತೆಗೆದುಕೊಳ್ಳಬೇಕು, ಇಲ್ಲವೇ ಬಿಡಬೇಕು.

ಈಗ ನಾನು, ಅಣ್ಣ ಅಡುಗೆ ಖೋಲಿಯಲ್ಲೇ ಉಂಡು ಮಲಗುತ್ತೇವೆ. ಅವ್ವ ಇನ್ನೂ ಮಾನ್ವಿಯಲ್ಲೇ ಇದ್ದಾಳೆ. ಅತ್ತಿಗೆಗೆ ದಸರೆಯ ಹೊತ್ತಿಗೆ ದಿನ ತುಂಬುತ್ತದೆ, ದೀಪಾವಳಿಗೆ ಅವಳು ಮಷೀನಿನ ಮುಂದೆ ಕೂರಲಾರಳು. ಗುಂಡಿ ಹಚ್ಚಲು, ಅಂಚು ಮಡಿಸಲು ಒಬ್ಬರು ಬೇಕೆಂದು ರಜಿಯಾ ಬೇಗಂ ಹೇಳಿಕಳಿಸಿದ್ದರು. ಅತ್ತಿಗೆ ನನ್ನ ಹೆಸರು ಹೇಳಿದ್ದಾಳೆ; ನನ್ನ ಕೂಲಿ ಸೇರಿದರೆ ದೀಪಾವಳಿಯಿಂದ ಮೂರೂ ಖೋಲಿಯ ಬಾಡಿಗೆ ಕಟ್ಟಬಹುದು. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಕೆಲಸಕ್ಕೆ ಕೂರುತ್ತೇನೆ.